ಪ್ರಯೋಗಶಾಲೆಯ ಬಾಳಿಗೆ ಕನ್ನಡದ ಗದ್ಯ

ಜೀವನಚರಿತ್ರೆ ಎಂಬುದು ಕನ್ನಡಿಗನಿಗೆ ಹೊಸ ಪ್ರಕಾರವೇನಲ್ಲ. ಹರಿಹರ ಕವಿ ಶರಣರ ಬಾಳನ್ನು ರಗಳೆಗಳಲ್ಲಿ ಕಟ್ಟಿಕೊಟ್ಟ ಕಾಲದಿಂದ ನಮ್ಮ ಜನ ದೊಡ್ಡವರ ಕಥೆಯನ್ನು ಒಂದು ಗೊತ್ತಾದ ಕ್ರಮದಲ್ಲಿ ಕೇಳಲು ಕಿವಿಯನ್ನು ಪಳಗಿಸಿಕೊಂಡಿದ್ದಾರೆ. ಕೈಲಾಸದಿಂದ ಇಳಿದು ಬರುವುದು, ಭೂಮಿಯಲ್ಲಿ ಪರೀಕ್ಷೆಗೆ ಒಳಗಾಗುವುದು, ನಿಷ್ಠೆಯಿಂದ ಗೆಲ್ಲುವುದು, ಮರಳಿ ಕೈಲಾಸಕ್ಕೆ ಸಲ್ಲುವುದು - ಇದು ಆ ಕ್ರಮ. ಭಕ್ತನ ಬಾಳಿಗೆ ಇದು ಒಪ್ಪುವಂಥದು; ಹರಿಹರನ ಕೈಯಲ್ಲಿ ಅದು ಮಹಾಕಾವ್ಯದ ವೇಗವನ್ನೂ ಪಡೆಯಿತು. ಆದರೆ ವಿಜ್ಞಾನಿಯೊಬ್ಬನ ಚರಿತ್ರೆ ಬರೆಯಲು ಕುಳಿತಾಗಲೂ ನಮ್ಮ ಲೇಖಕರ ಕೈ ತಾನಾಗಿಯೇ ಅದೇ ಜಾಡನ್ನು ಹಿಡಿಯುತ್ತದೆ. ಬಡತನದ ಬಾಲ್ಯ, ಬೀದಿದೀಪದ ಓದು, ಗುರುಕೃಪೆ, ಹೊರದೇಶದ ಪ್ರಯಾಣ, ಕಡೆಗೊಂದು ಪ್ರಶಸ್ತಿ. ಕೈಲಾಸವಿದ್ದ ಕಡೆ ಸ್ಟಾಕ್‌ಹೋಮ್ ನಗರ ಬಂದಿದೆ, ಅಷ್ಟೆ.

ಇದರಿಂದಾಗುವ ನಷ್ಟವೇನು ಎಂದು ವಾಚಕರು ಕೇಳಬಹುದು. ನಷ್ಟ ಸಣ್ಣದಲ್ಲ. ಕವಿಯ ಚರಿತ್ರೆ ಬರೆದವನು ಅವನ ಕಾವ್ಯದ ಮಾತನ್ನೇ ಎತ್ತದಿದ್ದರೆ ನಾವು ಸುಮ್ಮನಿರುತ್ತೇವೆಯೆ? ಸಂಗೀತಗಾರನ ಚರಿತ್ರೆಯಲ್ಲಿ ರಾಗವೊಂದರ ಹೆಸರೂ ಬರದಿದ್ದರೆ ಒಪ್ಪುತ್ತೇವೆಯೆ? ವಿಜ್ಞಾನಿಯ ವಿಷಯದಲ್ಲಿ ಮಾತ್ರ ನಮ್ಮದು ಬಹಳ ಉದಾರ ಮನಸ್ಸು. "ರಸಾಯನಶಾಸ್ತ್ರದಲ್ಲಿ ಮಹತ್ವದ ಸಂಶೋಧನೆ ನಡೆಸಿ ಕೀರ್ತಿಗಳಿಸಿದರು" ಎಂಬ ಒಂದು ವಾಕ್ಯದಲ್ಲಿ ನಲವತ್ತು ವರ್ಷದ ದುಡಿಮೆಯನ್ನು ಮುಗಿಸಿಬಿಟ್ಟರೂ ಯಾರೂ ತಕರಾರು ಹೇಳುವುದಿಲ್ಲ. ಬಾಳಿನ ಹೊರಗಿನ ಚೌಕಟ್ಟು ಉಳಿಯಿತು, ಒಳಗಿನ ಚಿತ್ರ ಹೋಯಿತು. ಇಂಥ ಚರಿತ್ರೆಯನ್ನು ಓದಿದ ಹುಡುಗ ವಿಜ್ಞಾನಿ ಆಗಬೇಕೆಂದು ಆಸೆಪಡಬಹುದು. ವಿಜ್ಞಾನಿ ಏನು ಮಾಡುತ್ತಾನೆ ಎಂಬುದು ಅವನಿಗೆ ತಿಳಿದಿರುವುದಿಲ್ಲ.

ಈ ಜಾಡಿಗೆ ಸುಲಭವಾಗಿ ಹೊಂದದ ಒಂದು ಬಾಳನ್ನು ಒರೆಗಲ್ಲಾಗಿ ತೆಗೆದುಕೊಳ್ಳೋಣ. ಜಿ. ಎಂ. ಅನಂತರಾಮಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕೆ. ಎಂ. ಶಿವಾನಂದಯ್ಯನವರೊಡನೆ ಪೆಪ್ಟೈಡ್ ಸಂಶ್ಲೇಷಣೆಯಲ್ಲಿ ಕೆಲಸ ಮಾಡಿ, ಅಲ್ಲಿಂದ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ವಿಶ್ವವಿದ್ಯಾನಿಲಯಕ್ಕೆ ಹೋಗಿ, ದಶಕಗಳ ಕಾಲ ಒಂದೇ ಪ್ರಶ್ನೆಯ ಬೆನ್ನುಹತ್ತಿದ ರಸಾಯನವಿಜ್ಞಾನಿ. ಇವರ ಕಥೆಯಲ್ಲಿ ಸ್ಟಾಕ್‌ಹೋಮ್ ಇಲ್ಲ. ಕೈಗೆತ್ತಿಕೊಂಡ ಕಾರ್ಯ ಇಲಿಗಳಲ್ಲಿ ಬೆರಗುಹುಟ್ಟಿಸುವಷ್ಟು ಗೆದ್ದಿತು, ಮನುಷ್ಯರಲ್ಲಿ ಗೆಲ್ಲಲಿಲ್ಲ. ಹಳೆಯ ಜಾಡಿನ ಚರಿತ್ರೆಕಾರ ಇಲ್ಲಿಗೆ ಬಂದೊಡನೆ ಲೇಖನಿಯನ್ನು ಕೆಳಗಿಡುತ್ತಾನೆ. ಆದರೆ ಗದ್ಯಸಾಹಿತ್ಯದ ಕೆಲಸ ಶುರುವಾಗುವುದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಮೊದಲು ಸ್ಥಳದ ಮಾತು. ಬೆಂಗಳೂರು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗವಿದ್ದದ್ದು ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ಕನ್ನಡದ ವಿಜ್ಞಾನಸಾಹಿತ್ಯಕ್ಕೆ ಈ ಕಾಲೇಜು ತವರುಮನೆ. ಇಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೇ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದವರು. ಪತ್ರಿಕೆ ಎರಡೇ ವರ್ಷ ಬಾಳಿತು. ಅದೇ ಬೆಳ್ಳಾವೆಯವರು ಪಂಪಭಾರತವನ್ನು ಸಂಪಾದಿಸಿದರು. 'ಜೀವವಿಜ್ಞಾನ'ವೆಂಬ ಗ್ರಂಥವನ್ನೂ ಬರೆದರು. ಪಂಪನಿಗೂ ಜೀವಕೋಶಕ್ಕೂ ಒಂದೇ ಕನ್ನಡ ಸಾಕು ಎಂಬ ಧೈರ್ಯ ಆ ತಲೆಮಾರಿಗಿತ್ತು. ಅದೇ ಆವರಣದಲ್ಲಿ ಮುಂದೆ ನಡೆದ ಪೆಪ್ಟೈಡ್ ಸಂಶೋಧನೆಯನ್ನು ನಮ್ಮ ಭಾಷೆಯಲ್ಲಿ ಹೇಳಬಹುದೆ? ಹೇಳಿ ನೋಡುವುದೇ ಉತ್ತರ.

ನಾವು ಉಣ್ಣುವ ಬೇಳೆಯಲ್ಲಿಯೂ ನಮ್ಮ ಮೈಯ ಮಾಂಸಖಂಡದಲ್ಲಿಯೂ ಇರುವ ಪ್ರೋಟೀನು ಅಮೈನೊ ಆಮ್ಲಗಳೆಂಬ ಮಣಿಗಳ ಸರ. ಮಣಿಗಳಲ್ಲಿ ಮುಖ್ಯವಾದುವು 20 ಬಗೆ. ಸಣ್ಣ ಸರಕ್ಕೆ ಪೆಪ್ಟೈಡ್ ಎಂದು ಹೆಸರು. 20ನೆಯ ಶತಮಾನದ ಆರಂಭದಲ್ಲಿ ಈ ಹೆಸರನ್ನಿಟ್ಟವನು ಜರ್ಮನಿಯ ಎಮಿಲ್ ಫಿಷರ್. ಅದರ ಗ್ರೀಕ್ ಬೇರಿಗೆ 'ಅರಗಿದ್ದು' ಎಂದರ್ಥ. ಪ್ರತಿಯೊಂದು ಮಣಿಗೂ ಎರಡು ಕೈ: ಒಂದು ಅಮೈನಿನದು, ಇನ್ನೊಂದು ಆಮ್ಲದ್ದು. ಒಂದರ ಆಮ್ಲದ ಕೈ ಮತ್ತೊಂದರ ಅಮೈನಿನ ಕೈಯನ್ನು ಹಿಡಿದರೆ ಸರ ಬೆಳೆಯುತ್ತದೆ. ತೊಡಕೆಂದರೆ ಕೈಗಳಿಗೆ ವಿವೇಕವಿಲ್ಲ; ಸಿಕ್ಕಿದ್ದನ್ನು ಹಿಡಿಯುತ್ತವೆ. ನಮಗೆ ಬೇಕಾದ ಕ್ರಮ ಬರಬೇಕಾದರೆ ಬೇಡವಾದ ಕೈಯನ್ನು ಮುಂಚಿತವಾಗಿ ಕಟ್ಟಿಹಾಕಬೇಕು. ಸೇರಿಸಿದ ಮೇಲೆ ಆ ಕಟ್ಟನ್ನು ಬಿಚ್ಚಬೇಕು. ಬಿಚ್ಚುವಾಗ ಆಗಲೇ ಬಿದ್ದಿರುವ ಒಳ್ಳೆಯ ಗಂಟು ಸಡಿಲವಾಗಕೂಡದು. ಸರ ಕಟ್ಟುವ ವಿದ್ಯೆಯಲ್ಲಿ ಅರ್ಧ ಪಾಲು ಬಿಚ್ಚುವ ವಿದ್ಯೆ.

ಫಿಷರನು 1907ರಲ್ಲಿ 18 ಮಣಿಗಳ ಸರವನ್ನು ಕಟ್ಟಿ ಜಗತ್ತನ್ನು ಬೆರಗುಗೊಳಿಸಿದ. ಆದರೆ ಅದರಲ್ಲಿದ್ದುದು ಎರಡೇ ಬಗೆಯ ಮಣಿ. ಸಲೀಸಾಗಿ ಬಿಚ್ಚಬಹುದಾದ ಕಟ್ಟು ಅವನಿಗೆ ಸಿಕ್ಕಿರಲಿಲ್ಲ. ಅದನ್ನು 1932ರಲ್ಲಿ ಬರ್ಗ್‌ಮನ್ ಮತ್ತು ಜೆರ್ವಾಸ್ ಎಂಬವರು ಕಂಡುಹಿಡಿದರು. ಅವರ ಕಟ್ಟನ್ನು ಬಿಚ್ಚಲು ಪಲೇಡಿಯಂ ಲೋಹದ ಸನ್ನಿಧಿಯಲ್ಲಿ ಹೈಡ್ರೊಜನ್ ಅನಿಲವನ್ನು ಹಾಯಿಸಬೇಕು. ಹೈಡ್ರೊಜನ್ ಬೆಂಕಿಯ ಬಂಧು. ಅದಕ್ಕೆ ಸಿಲಿಂಡರು, ತಕ್ಕ ಪಾತ್ರೆ, ಎಚ್ಚರ ಎಲ್ಲವೂ ಬೇಕು. ಅನಂತರಾಮಯ್ಯ ಮತ್ತು ಶಿವಾನಂದಯ್ಯನವರು 1977ರಲ್ಲಿ ಬ್ರಿಟನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟೆ: ಅನಿಲವನ್ನು ಹೊರಗಿನಿಂದ ಹಾಯಿಸುವ ಬದಲು, ತನ್ನ ಹೈಡ್ರೊಜನ್ನನ್ನು ತಾನೇ ಬಿಟ್ಟುಕೊಡಬಲ್ಲ ಇನ್ನೊಂದು ಸಂಯುಕ್ತವನ್ನು ಪಾತ್ರೆಯೊಳಗೇ ಸೇರಿಸಿದರೆ ಅದೇ ಕೆಲಸ ಸುಲಭವಾಗಿ ಆಗುತ್ತದೆ. ಕೇಳಲು ಸಣ್ಣ ಮಾತು. ಆದರೆ ಗಂಟು ಬಿಚ್ಚುವ ಈ ಉಪಾಯವನ್ನು ಬಲ್ಲವರು ಮೆಚ್ಚಿದರು, ಬೇರೆ ಬೇರೆ ದೇಶಗಳ ಪ್ರಬಂಧಗಳು ಅದನ್ನು ಹೆಸರಿಸಿದುವು.

ಇಷ್ಟು ಹೇಳುವುದರಲ್ಲಿ ಕನ್ನಡ ಎಲ್ಲಿಯೂ ಬಳಲಲಿಲ್ಲವೆಂದು ಭಾವಿಸುತ್ತೇನೆ. ಇನ್ನು ಈ ಕೆಲಸದ ಸ್ವಭಾವವನ್ನು ತೋರಿಸುವ ಒಂದು ಲೆಕ್ಕ. 18 ಮಣಿಗಳ ಸರಕ್ಕೆ 17 ಗಂಟು. ಒಂದೊಂದು ಗಂಟೂ ಸೇಕಡಾ 90ರಷ್ಟು ಸರಿಯಾಗಿ ಬಿದ್ದರೆ ಕೊನೆಗೆ ಕೈಯಲ್ಲಿ ಉಳಿಯುವ ಸರಿಯಾದ ಸರ ಸೇಕಡಾ ಸುಮಾರು 17 ಮಾತ್ರ. ಸೇಕಡಾ 99ರಷ್ಟು ಸರಿಯಾಗಿ ಬಿದ್ದರೆ ಸುಮಾರು 84. ತೊಂಬತ್ತಕ್ಕೂ ತೊಂಬತ್ತೊಂಬತ್ತಕ್ಕೂ ನಡುವೆ ಇರುವ ಈ ಅಂತರದಲ್ಲಿ ಪೆಪ್ಟೈಡ್ ರಸಾಯನಜ್ಞನ ಬಾಳು ಕಳೆಯುತ್ತದೆ. ಅವನ ತಪಸ್ಸು, ಅವನ ಸಿಟ್ಟು, ಅವನ ಹಟ ಎಲ್ಲವೂ ಇರುವುದು ಅಲ್ಲಿ. ಮೆರಿಫೀಲ್ಡನು 1963ರಲ್ಲಿ ಮೊದಲ ಮಣಿಯನ್ನು ರಾಳದ ಕಾಳಿಗೆ ಅಂಟಿಸಿ, ಪ್ರತಿ ಹೆಜ್ಜೆಯ ಕಸವನ್ನು ತೊಳೆದುಬಿಡುವ ಮಾರ್ಗವನ್ನು ತೋರಿಸಿ 1984ರಲ್ಲಿ ನೊಬೆಲ್ ಪಾರಿತೋಷಕ ಪಡೆದದ್ದೂ ಈ ಅಂತರವನ್ನು ಕಿರಿದುಮಾಡಿದ್ದಕ್ಕಾಗಿಯೇ. ಬೀದಿದೀಪದ ಪ್ರಸಂಗವನ್ನು ಎರಡು ಪುಟ ಬರೆಯುವ ಚರಿತ್ರೆಕಾರ ಈ ಲೆಕ್ಕಕ್ಕೆ ಎರಡು ವಾಕ್ಯವನ್ನಾದರೂ ಕೊಡಬೇಕಲ್ಲವೆ?

ಅನಂತರಾಮಯ್ಯನವರ ಎರಡನೆಯ ಅಧ್ಯಾಯ ಬರ್ಮಿಂಗ್‌ಹ್ಯಾಮಿನದು. ರಕ್ತದಲ್ಲಿ ಕೊಬ್ಬು ತಾನಾಗಿ ಕರಗದು. ಪ್ರೋಟೀನುಗಳು ಅದನ್ನು ಹೊತ್ತು ತಿರುಗುತ್ತವೆ. ರಕ್ತನಾಳದ ಗೋಡೆಯಿಂದ ಕೊಲೆಸ್ಟರಾಲನ್ನು ಸಾಗಿಸುವ ಹೊರೆಯಾಳುಗಳಲ್ಲಿ ಮುಖ್ಯವಾದುದು 243 ಮಣಿಗಳ ಒಂದು ಪ್ರೋಟೀನು. ಅದರ ಹೆಸರು ಅಪೊ ಎ-1. ನೀರಿನಲ್ಲಿಯೂ ಇರಬೇಕು, ಕೊಬ್ಬನ್ನೂ ಹಿಡಿಯಬೇಕು - ಇದನ್ನು ಅದು ಹೇಗೆ ಸಾಧಿಸುತ್ತದೆ? ಜೆರೆ ಸೆಗ್ರೆಸ್ಟ್ ಮತ್ತು ಸಂಗಡಿಗರು 1974ರಲ್ಲಿ ಒಂದು ವಿವರಣೆ ಕೊಟ್ಟರು. ಸರ ಸುರುಳಿಯಾಗಿ ಸುತ್ತಿಕೊಂಡಾಗ ಸುರುಳಿಯ ಒಂದು ಪಾರ್ಶ್ವದಲ್ಲಿ ನೀರಿಗೆ ಒಲಿದ ಮಣಿಗಳೂ ಇನ್ನೊಂದು ಪಾರ್ಶ್ವದಲ್ಲಿ ಕೊಬ್ಬಿಗೆ ಒಲಿದ ಮಣಿಗಳೂ ಸಾಲಾಗಿ ನಿಲ್ಲುತ್ತವೆ. ಉಭಯಪ್ರಿಯವಾದ ಸುರುಳಿ ಎನ್ನೋಣ.

ಇದು ನಿಜವೋ ಬರಿಯ ಊಹೆಯೋ? ಪರೀಕ್ಷೆಗೆ ಬೇಕಾದವನು ಸರ ಕಟ್ಟಬಲ್ಲ ರಸಾಯನಜ್ಞ. ಅನಂತರಾಮಯ್ಯನವರೂ ಸಂಗಡಿಗರೂ 18 ಮಣಿಗಳ ಒಂದು ಸರವನ್ನು ರೂಪಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿದರು. 18ಎ ಎಂದು ಅದರ ಹೆಸರು. ಸುರುಳಿಯ ಒಂದು ಸುತ್ತಿಗೆ 3.6 ಮಣಿ, ಆದುದರಿಂದ 18ಕ್ಕೆ ಸರಿಯಾಗಿ 5 ಸುತ್ತು. ಇಲ್ಲಿ ಸಾಹಿತ್ಯದ ವಿದ್ಯಾರ್ಥಿ ಕಣ್ಣರಳಿಸುವ ಸಂಗತಿಯೊಂದಿದೆ. ಅವರು ಅಪೊ ಎ-1ರ ಮಣಿಗಳ ಕ್ರಮವನ್ನು ನಕಲು ಮಾಡಲಿಲ್ಲ. ಯಾವ ಬಗೆಯ ಮಣಿ ಯಾವ ಪಾರ್ಶ್ವದಲ್ಲಿರಬೇಕು, ವಿದ್ಯುದಂಶಗಳು ಎಲ್ಲಿ ನಿಲ್ಲಬೇಕು ಎಂಬ ವಿನ್ಯಾಸವನ್ನು ಮಾತ್ರ ಉಳಿಸಿಕೊಂಡು ಕ್ರಮವನ್ನು ಹೊಸದಾಗಿ ಬರೆದರು. ಮೂಲದ ಪದಗಳನ್ನು ಬಿಟ್ಟು ಛಂದಸ್ಸನ್ನು ಮಾತ್ರ ಹಿಡಿದ ಹಾಗೆ. ಆದರೂ ಅದು ಮೂಲದ ಹಾಗೆಯೇ ಕೊಬ್ಬನ್ನು ಹಿಡಿಯಿತು. ವಿದ್ಯುದಂಶಗಳ ಸ್ಥಾನವನ್ನು ಅದಲುಬದಲು ಮಾಡಿ ಇನ್ನೊಂದು ಸರ ಕಟ್ಟಿದಾಗ ಹಿಡಿತ ಸಡಿಲವಾಯಿತು. ಎರಡು 18ಎ ಸರಗಳ ನಡುವೆ ಪ್ರೊಲೀನ್ ಎಂಬ ಮಣಿಯೊಂದನ್ನಿಟ್ಟು 37 ಮಣಿಗಳ ಸರ ಮಾಡಿದಾಗ ಹಿಡಿತ ಬಿಗಿಯಾಯಿತು. ಗುಣವಿರುವುದು ಪದದಲ್ಲಲ್ಲ, ಪದ ನಿಲ್ಲುವ ಸ್ಥಾನದಲ್ಲಿ ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ನಿದರ್ಶನವನ್ನು ಅಲಂಕಾರಶಾಸ್ತ್ರವೂ ಕೊಡಲಾರದೇನೊ!

ಮೂರನೆಯ ಅಧ್ಯಾಯ ಆಸೆಯದು. 18ಎ ಸರದ ಕೊಬ್ಬಿನ ಪಾರ್ಶ್ವದಲ್ಲಿ ಎರಡು ಮಣಿಗಳನ್ನು ಬದಲಿಸಿ, ಫೀನೈಲಲನೀನ್ ಎಂಬ ಮಣಿ ನಾಲ್ಕು ಇರುವಂತೆ ಮಾಡಿದ ಸರಕ್ಕೆ 4ಎಫ್ ಎಂದು ಹೆಸರು. ಅದನ್ನು ಔಷಧವಾಗಿ ನುಂಗಿದರೆ ಹೊಟ್ಟೆ ಅರಗಿಸಿಬಿಡುತ್ತದೆ; ಹೆಸರೇ 'ಅರಗಿದ್ದು' ತಾನೆ! ಆದರೆ ನಮ್ಮ ಜೀರ್ಣರಸಗಳಿಗೆ ಪರಿಚಯವಿರುವುದು ಎಡಮುಖದ ಅಮೈನೊ ಆಮ್ಲಗಳದು. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬದಂಥ ಬಲಮುಖದ ಆಮ್ಲಗಳಿಂದ ಅದೇ ಸರವನ್ನು ಕಟ್ಟಿದರೆ ಅವಕ್ಕೆ ಹಿಡಿತ ಸಿಗದು. ಎಡಗಾಲಿನ ಮೆಟ್ಟು ಬಲಗಾಲಿಗೆ ಹೊಂದದ ಹಾಗೆ. ಲಾಸ್ ಏಂಜಲಿಸ್‌ನ ಮೊಹಮದ್ ನವಾಬ್, ಅಲನ್ ಫೋಗಲ್‌ಮನ್ ಮತ್ತು ಅನಂತರಾಮಯ್ಯನವರ ತಂಡ 2002ರಲ್ಲಿ ಈ ಸರವನ್ನು ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಿತು. ರಕ್ತದ ಕೊಲೆಸ್ಟರಾಲಿನ ಪ್ರಮಾಣ ಬದಲಾಗಲಿಲ್ಲ. ಆದರೂ ನಾಳದ ಗೋಡೆಯ ಮೇಲಿನ ಗಾಯಗಳು ಸುಮಾರು ಮುಕ್ಕಾಲು ಪಾಲು ತಗ್ಗಿದುವು.

ಮನುಷ್ಯರ ಸರದಿ ಬಂದಿತು. 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನುಂಗಿದ ಔಷಧದಿಂದ ಕೇಡಾಗಲಿಲ್ಲ, ಆದರೆ ರಕ್ತಕ್ಕೆ ಸೇರಿದ್ದು ಅತ್ಯಲ್ಪ. ಎಡಮುಖದ 4ಎಫ್ ಸರವನ್ನು ಚುಚ್ಚಿ ಕೊಟ್ಟ ಪರೀಕ್ಷೆಗಳ ವರದಿ 2011ರಲ್ಲಿ ಬಂದಿತು; ಔಷಧ ರಕ್ತದಲ್ಲಿ ಸಾಕಷ್ಟು ಇತ್ತು, ನಿರೀಕ್ಷಿಸಿದ ಸುಧಾರಣೆ ಮಾತ್ರ ಕಾಣಲಿಲ್ಲ. ಕಥೆ ಅಲ್ಲಿಗೂ ನಿಲ್ಲಲಿಲ್ಲ. ಸರದ ಬಳಗದಲ್ಲೊಂದಾದ 6ಎಫ್ ಎಂಬುದನ್ನು ರಸಾಯನಜ್ಞನ ಪಾತ್ರೆಯಲ್ಲಿ ಕಟ್ಟುವ ಬದಲು ಗಿಡದಿಂದಲೇ ಕಟ್ಟಿಸಬಾರದೇಕೆ? ಅದರ ಜೀನನ್ನು ಟೊಮೇಟೊ ಗಿಡಕ್ಕೆ ಸೇರಿಸಿ, ಆ ಹಣ್ಣನ್ನು ತಿಂದ ಇಲಿಗಳಲ್ಲಿ ರೋಗ ತಗ್ಗಿದ್ದನ್ನು 2013ರಲ್ಲಿ ಪ್ರಕಟಿಸಿದರು. ಪೆಪ್ಟೈಡ್ ಸಂಶ್ಲೇಷಣೆ ಅಣುಜೀವವಿಜ್ಞಾನದ ಹೊಲಕ್ಕೆ ಇಳಿದದ್ದು ಹೀಗೆ. ಹದಿನೇಳು ಗಂಟುಗಳಿಗಾಗಿ ಮನುಷ್ಯ ಪಡುವ ಪಾಡನ್ನು ಟೊಮೇಟೊ ಗಿಡ ಮಾತಿಲ್ಲದೆ ಮಾಡಿ ಮುಗಿಸುತ್ತದೆ.

ಈ ಬಾಳನ್ನು ಸೋಲೆನ್ನೋಣವೆ, ಗೆಲುವೆನ್ನೋಣವೆ? ಎರಡು ಮಾತೂ ಸಲ್ಲದು. ಗಂಟು ಬಿಚ್ಚುವ ಉಪಾಯ ಉಳಿಯಿತು. ಸುರುಳಿಯ ತತ್ತ್ವ ಪರೀಕ್ಷೆಯಲ್ಲಿ ನಿಂತಿತು. ಔಷಧ ಅಂಗಡಿಗೆ ಬರಲಿಲ್ಲ. ಪ್ರಪಂಚದ ಬಹುಪಾಲು ವಿಜ್ಞಾನಿಗಳ ಬಾಳು ಹೀಗೆಯೇ. ಭಕ್ತನಿಗೆ ಕೈಲಾಸವಿರಬಹುದು, ಸಂಶೋಧಕನಿಗೆ ಇರುವುದು ಮುಂದಿನ ಪ್ರಶ್ನೆ. ಇದನ್ನು ಹೇಳಬಲ್ಲ ಗದ್ಯ ನಮ್ಮಲ್ಲಿ ಇಲ್ಲವೆಂದರೆ ಹಿರಿಯರಿಗೆ ಅನ್ಯಾಯವಾಗುತ್ತದೆ. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಒಬ್ಬಂಟಿಯಾಗಿ ಬರೆದರು. ಅವರ ಗದ್ಯಕ್ಕೆ ಹರಹಿದೆ, ಆದರೆ ವಿಶ್ವವನ್ನೆಲ್ಲ ಸುತ್ತಬೇಕಾದ ಅವಸರದಲ್ಲಿ ಒಬ್ಬ ಕೆಲಸಗಾರನ ಬಳಿ ಕುಳಿತುಕೊಳ್ಳಲು ವೇಳೆಯಿಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸಿದ ಜೆ. ಆರ್. ಲಕ್ಷ್ಮಣರಾಯರ 'ಪರಮಾಣು ಚರಿತ್ರೆ', ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗವನ್ನು ಹೊತ್ತ ಜಿ. ಟಿ. ನಾರಾಯಣರಾಯರ ಬರಹಗಳು ವಿಚಾರದ ನಡೆಯನ್ನು ತಪ್ಪದೆ ಹಿಡಿಯುತ್ತವೆ; ಕೈಕೆಲಸದ ವಾಸನೆ ಅವುಗಳಲ್ಲಿ ಕಡಮೆ. ಆ ವಾಸನೆ ತುಂಬಿರುವುದು ಬಿ. ಜಿ. ಎಲ್. ಸ್ವಾಮಿಯವರ 'ಹಸುರುಹೊನ್ನು'ವಿನಲ್ಲಿ. ಕಾಡು, ವಿದ್ಯಾರ್ಥಿಗಳು, ತಮಾಷೆ, ಗಿಡದ ಅಂಗರಚನೆ ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಆದರೆ ಸಸ್ಯವಿಜ್ಞಾನಿಗೆ ಕಾಡಿದೆ, ಹೂವಿದೆ. ಬಿಳಿಯ ಪುಡಿಯೊಂದನ್ನು ತೊಳೆಯುತ್ತ ಕೂತ ರಸಾಯನಜ್ಞನನ್ನು ಅಷ್ಟೇ ಸ್ವಾರಸ್ಯವಾಗಿ ಚಿತ್ರಿಸುವುದು ಹೆಚ್ಚು ಕಷ್ಟದ ಕೆಲಸ. ಅದನ್ನು ಸಾಧಿಸಲು ಸ್ವಾಮಿಯವರ ಹಾಸ್ಯವೂ ಲಕ್ಷ್ಮಣರಾಯರ ಶಿಸ್ತೂ ಒಂದೇ ಕೈಯಲ್ಲಿ ಕೂಡಬೇಕು.

ಪರಿಭಾಷೆಯೇ ಅಡ್ಡಿಯೆಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ಪಠ್ಯಪುಸ್ತಕಗಳು ಪ್ರೋಟೀನಿಗೆ ಸಸಾರಜನಕವೆಂದವು, ಆಕ್ಸಿಜನ್ನಿಗೆ ಆಮ್ಲಜನಕವೆಂದವು. ಎರಡನೆಯದರಲ್ಲಿ ಒಂದು ವಿನೋದವಿದೆ. ಆಮ್ಲಗಳೆಲ್ಲಕ್ಕೂ ಆ ಅನಿಲವೇ ಕಾರಣವೆಂದು ನಂಬಿ ಲಾವೊಸಿಯೆ ಇಟ್ಟ ಹೆಸರದು. ಉಪ್ಪಿನಿಂದ ತೆಗೆಯುವ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂದು ಡೇವಿ 1810ರ ಸುಮಾರಿಗೆ ತೋರಿಸಿಕೊಟ್ಟ. ನಾವು ಶ್ರದ್ಧೆಯಿಂದ ಯೂರೋಪಿನ ತಪ್ಪನ್ನೂ ಅನುವಾದ ಮಾಡಿಕೊಂಡೆವು! ಹೆಸರನ್ನು ಹಾಗೆಯೇ ಇಟ್ಟುಕೊಂಡು ಕ್ರಿಯೆಯನ್ನು ಕನ್ನಡದಲ್ಲಿ ಹೇಳುವುದು ಲೇಸು. ಪೆಪ್ಟೈಡ್ ಪೆಪ್ಟೈಡಾಗಿಯೇ ಇರಲಿ. ಕಟ್ಟು, ಬಿಚ್ಚು, ಹೆಣೆ, ತೊಳೆ, ಸೋಸು, ಹಿಡಿ, ಬಿಡು - ಈ ಧಾತುಗಳೆಲ್ಲ ನಮ್ಮವು. ಪ್ರಯೋಗಶಾಲೆಯ ಕೆಲಸವೆಲ್ಲ ಕ್ರಿಯಾಪದಗಳಲ್ಲಿ ನಡೆಯುವುದೇ ಹೊರತು ನಾಮಪದಗಳಲ್ಲಿ ಅಲ್ಲ.

ಇದೆಲ್ಲ ಸಾಹಿತ್ಯಪ್ರಿಯರ ಚರ್ಚೆ ಮಾತ್ರವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ - ಮೈಸೂರು ಜಿಲ್ಲೆಯ ಈ ಪಡುವಣ ತಾಲ್ಲೂಕುಗಳಿಂದ ಬರುವ ಎಷ್ಟೋ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮರುವರ್ಷ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸುತ್ತಾರೆ. ಅಲ್ಲಿಯವರೆಗೆ ಪ್ರಶ್ನೆ ಕೇಳುತ್ತಿದ್ದ ಹುಡುಗ ಆಮೇಲೆ ಉತ್ತರವನ್ನು ಉರುಹೊಡೆಯುತ್ತಾನೆ. ಅವನ ಕನ್ನಡದ ತರಗತಿಯಲ್ಲಿ ವಿಜ್ಞಾನಿಯೊಬ್ಬನ ಪಾಠವಿದ್ದರೂ ಅದರಲ್ಲಿ ಬೀದಿದೀಪವಿರುತ್ತದೆ, ಪಾತ್ರೆ ಇರುವುದಿಲ್ಲ. ಹೀಗೆ ಒಂದು ಕಡೆ ಅರ್ಥವಿಲ್ಲದ ವಿಜ್ಞಾನ, ಇನ್ನೊಂದು ಕಡೆ ವಿಜ್ಞಾನವಿಲ್ಲದ ವಿಜ್ಞಾನಿ, ನಡುವೆ ಮಗು.

ಬೇರೆ ದಾರಿ ಉಂಟು. ಅದು ಹೊಲದಿಂದಲೇ ಹೊರಡುತ್ತದೆ. ಈ ಭಾಗದ ಮುಖ್ಯ ಹಣದ ಬೆಳೆ ವರ್ಜೀನಿಯಾ ಹೊಗೆಸೊಪ್ಪು. ಸಸಿಯನ್ನು ಮುಟ್ಟುವ ಮುನ್ನ ಕೈ ತೊಳೆಯಬೇಕು, ಮಡಿಯಲ್ಲಿ ಬೀಡಿ ಸೇದಬಾರದು ಎಂಬುದು ರೈತರಿಗೆ ಹೇಳುವ ಎಚ್ಚರಿಕೆ. ಎಲೆಯ ಮೇಲೆ ತಿಳಿಹಸುರು ಕಡುಹಸುರು ಮಚ್ಚೆ ಮೂಡಿಸುವ ರೋಗ ಹಾಗೆ ಹರಡುತ್ತದೆ. ಆ ರೋಗದ ವೈರಸ್ಸನ್ನೇ ಸ್ಟ್ಯಾನ್ಲಿ 1935ರಲ್ಲಿ ಸಕ್ಕರೆಯಂತೆ ಹರಳುಗಟ್ಟಿಸಿದ್ದು; ಅದರ ಹೊದಿಕೆಯ ಪ್ರೋಟೀನಿನ 158 ಮಣಿಗಳ ಕ್ರಮವನ್ನು 1960ರಲ್ಲಿ ಓದಿ ಮುಗಿಸಿದರು. ಅಣುಜೀವವಿಜ್ಞಾನದ ಮೊದಲ ಪಾಠಗಳಲ್ಲಿ ಕೆಲವು ಹೊಗೆಸೊಪ್ಪಿನ ಎಲೆಯ ಮೇಲೆ ಬರೆಯಲ್ಪಟ್ಟವು. ಅದೇ ಎಲೆಯ ಹೊಗೆ ಕೆಡಿಸುವ ರಕ್ತನಾಳವನ್ನು ಸರಿಪಡಿಸಲೆಂದು ಒಬ್ಬ ಕನ್ನಡಿಗ ಹದಿನೆಂಟು ಮಣಿಗಳ ಸರವನ್ನು ಕಟ್ಟುತ್ತ ಕುಳಿತರು. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಬರೆದ ಸ್ವಾಮಿಯವರಿಗೆ ಈ ಎಳೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಹೊಗೆಸೊಪ್ಪು, ಟೊಮೇಟೊ ಎರಡೂ ಆ ಖಂಡದವೇ.

ನಮ್ಮ ಪ್ರಕಾಶಕರಲ್ಲಿಯೂ ಅಕಾಡೆಮಿಗಳಲ್ಲಿಯೂ ಒಂದು ಸಣ್ಣ ಬೇಡಿಕೆ. ವಿಜ್ಞಾನಿಯ ಚರಿತ್ರೆಯನ್ನು ಬರೆಸುವಾಗ ಲೇಖಕರಿಂದ ಒಂದು ಅಧ್ಯಾಯವನ್ನು ಕಡ್ಡಾಯವಾಗಿ ಕೇಳಲಿ: ಆ ಮನುಷ್ಯ ಬೆಳಿಗ್ಗೆ ಬಾಗಿಲು ತೆರೆದು ಒಳಗೆ ಹೋಗಿ ಸಂಜೆಯವರೆಗೆ ಏನು ಮಾಡಿದ, ಯಾವುದು ಕೈಗೂಡಿತು, ಯಾವುದು ಕೈಗೂಡಲಿಲ್ಲ, ಮರುದಿನ ಏಕೆ ಮತ್ತೆ ಹೋದ. ಅನಂತರಾಮಯ್ಯನವರಂಥವರ ಜೊತೆಯಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಲು ತಡಮಾಡಬಾರದು. ಪಂಪನನ್ನೂ ಜೀವಕೋಶವನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡಿದ್ದ ಬೆಳ್ಳಾವೆಯವರ ಭಾಷೆಗೆ ಇದು ಆಗದ ಕೆಲಸವೇನಲ್ಲ.